ಪಾಸ್ಟ್ರಾಮಿ ಎಗ್ ರೋಲ್, ಲಾಟ್ಕೆ, ಲಾಕ್ಸ್: ಡಿಸೆಂಬರ್ ಪಾರ್ಟಿಗೆ ಸ್ಟಾರ್ಟರ್ ಸಲಹೆ ಬೇಕು

ಎಡಿಸನ್_ಸುಮಾ

ಎಲ್ಲರಿಗೂ ನಮಸ್ಕಾರ. ಯಹೂದಿಗಳ ಹನುಕ್ಕಾ ಹಬ್ಬದ ಸಮಯಕ್ಕೆ ನಮ್ಮ ಮನೆಯಲ್ಲಿ ಒಂದು ಪಾರ್ಟಿ ಇದೆ. ಸುಮಾರು 20 ಜನ. ಬೀದಿಯ ಎರಡು ಯಹೂದಿ ಕುಟುಂಬ, ನಮ್ಮವರ ಆಫೀಸಿನ ಮಲೇಷ್ಯಾ ಚೈನೀಸ್ ದಂಪತಿ, ಉಳಿದವರು ನಮ್ಮೂರ ಕಡೆಯವರೇ. ಅವರಲ್ಲಿ ಅರ್ಧ ಜನ ವೆಜ್. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ ಇದ್ದೇ ಇದೆ. ತಲೆನೋವು ಸ್ಟಾರ್ಟರ್‌ದು.

ಮ್ಯಾನ್‌ಹ್ಯಾಟನ್‌ನ ರೆಡ್‌ಫಾರ್ಮ್ ಅನ್ನುವ ಚೈನೀಸ್ ಹೋಟೆಲಿನಲ್ಲಿ ಪಾಸ್ಟ್ರಾಮಿ (ಮಸಾಲೆ ಹಚ್ಚಿ ಹೊಗೆ ಹಾಕಿದ ದನದ ಮಾಂಸ) ತುಂಬಿದ ಎಗ್ ರೋಲ್ (ಹೂರಣವನ್ನು ಹಿಟ್ಟಿನ ಹಾಳೆಯಲ್ಲಿ ಸುತ್ತಿ ಕರಿದ ಅಮೆರಿಕನ್ ಚೈನೀಸ್ ತಿನಿಸು) ತಿಂದಾಗಿನಿಂದ ಆ ರುಚಿ ತಲೆಯಲ್ಲೇ ಇದೆ. ಜ್ಯೂಯಿಷ್ ಡೆಲಿ ತಿನಿಸಿಗೆ ಚೈನೀಸ್, ಜಪಾನೀಸ್ ರುಚಿ ಸೇರಿಸಿ ನಾಲ್ಕೈದು ಬಗೆ ಮಾಡೋಣ ಅಂತ ಆಸೆ. ಪಾಸ್ಟ್ರಾಮಿ ಮತ್ತು ಚೀಸ್ ಹಾಕಿದ ರೋಲ್, ಲಾಟ್ಕೆ (ಆಲೂಗಡ್ಡೆ ತುರಿಯ ವಡೆ), ಕ್ರೀಮ್ ಚೀಸ್ ಜೊತೆ ಲಾಕ್ಸ್ (ಉಪ್ಪು ಹಾಕಿ ಹದ ಮಾಡಿದ ಸಾಲ್ಮನ್ ಮೀನು), ಇಷ್ಟು ಯೋಚಿಸಿದ್ದೇನೆ. ರೋಲ್ ಮೆತ್ತಗಾಗದ ಹಾಗೆ ಮಾಡೋದು ಹೇಗೆ? ವೆಜ್‌ನವರಿಗೆ ಏನು ಕೊಡಲಿ? ಎರಡರಲ್ಲಿ ಒಂದು ಕುಟುಂಬ ಕೋಷರ್, ಅಂದರೆ ಯಹೂದಿ ಆಹಾರ ನಿಯಮ, ಪಾಲಿಸುತ್ತದೆ ಅಂತ ಕೇಳಿದ್ದೇನೆ. ಅದಕ್ಕೇನು ಮಾಡಬೇಕು?

ಬ್ರೂಕ್ಲಿನ್_ಬಸವ

ಸುಮಾ ಅವರೇ, ಪಾಸ್ಟ್ರಾಮಿ, ಲಾಕ್ಸ್ ಎರಡನ್ನೂ ಡೆಲಿ ಅಂತ ಒಂದೇ ತಟ್ಟೆಗೆ ಹಾಕಿಬಿಟ್ಟಿದ್ದೀರಿ. ಹಳೇ ನ್ಯೂಯಾರ್ಕಿನಲ್ಲಿ ಇವು ಬೇರೆ ಬೇರೆ ಅಂಗಡಿಯ ಸಾಮಾನು. ಮಾಂಸ ಮಾರುವುದು ಡೆಲಿ. ಹೊಗೆ ಹಾಕಿದ ಮೀನು, ಕ್ರೀಮ್ ಚೀಸ್, ಒಟ್ಟಿನಲ್ಲಿ ಬೇಗಲ್ (ಬಳೆಯಾಕಾರದ ಬ್ರೆಡ್) ಜೊತೆ ತಿನ್ನುವುದನ್ನು ಮಾರುವುದು ‘ಅಪೆಟೈಸಿಂಗ್’ ಅಂಗಡಿ. ಮಾಂಸ ಮತ್ತು ಹಾಲು ಬೆರೆಯಬಾರದು ಅನ್ನುವ ಕೋಷರ್ ನಿಯಮವೇ ಇದಕ್ಕೆ ಕಾರಣ. ಹೌಸ್ಟನ್ ಸ್ಟ್ರೀಟ್‌ನಲ್ಲಿ ಇವತ್ತಿಗೂ ಎರಡನ್ನೂ ನೋಡಬಹುದು. 1888ರಿಂದ ಇರುವ ಕ್ಯಾಟ್ಜ್ ಡೆಲಿ, ಅಲ್ಲಿಂದ ಸ್ವಲ್ಪ ದೂರದಲ್ಲಿ 1914ರಲ್ಲಿ ಶುರುವಾದ ರಸ್ ಅಂಡ್ ಡಾಟರ್ಸ್. ನೀವು ತಿಂದ ಎಗ್ ರೋಲ್‌ನಲ್ಲಿ ಇದ್ದದ್ದು ಕ್ಯಾಟ್ಜ್‌ನ ಪಾಸ್ಟ್ರಾಮಿಯೇ. ಅಂದ ಹಾಗೆ ಕ್ಯಾಟ್ಜ್ ಕೋಷರ್ ಅಲ್ಲ. ಅಲ್ಲಿ ಮಾಂಸದ ಮೇಲೆ ಚೀಸ್ ಇಟ್ಟ ರೂಬೆನ್ ಸ್ಯಾಂಡ್‌ವಿಚ್ ಧಾರಾಳವಾಗಿ ಸಿಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಯಹೂದಿಗಳಿಗೂ ಚೈನೀಸ್ ಊಟಕ್ಕೂ ನಂಟು ಬೆಳೆಯಲು ಒಂದು ದೊಡ್ಡ ಕಾರಣ, ಚೈನೀಸ್ ಅಡುಗೆಯಲ್ಲಿ ಹಾಲು, ಬೆಣ್ಣೆ, ಚೀಸ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಯಹೂದಿಗಳು ನೆಲೆಸಿದ್ದ ಲೋಯರ್ ಈಸ್ಟ್ ಸೈಡ್ ಮತ್ತು ಚೈನಾಟೌನ್ ಅಕ್ಕಪಕ್ಕದ ಬಡಾವಣೆಗಳು. 1959ರಲ್ಲಿ ಎಸೆಕ್ಸ್ ಸ್ಟ್ರೀಟ್‌ನ ಬರ್ನ್‌ಸ್ಟೀನ್ ಡೆಲಿ ಪಾಸ್ಟ್ರಾಮಿ ಜೊತೆಗೆ ಕೋಷರ್ ಚೈನೀಸ್ ಊಟವನ್ನೂ ಶುರು ಮಾಡಿತು. ಇನ್ನು ಕ್ರಿಸ್‌ಮಸ್ ದಿನ ಊರೆಲ್ಲ ಬಂದ್ ಇದ್ದರೂ ಚೈನೀಸ್ ಹೋಟೆಲ್ ಮಾತ್ರ ತೆರೆದಿರುತ್ತಿತ್ತು. 2010ರಲ್ಲಿ ಎಲೆನಾ ಕೇಗನ್ ಅವರ ಸುಪ್ರೀಂ ಕೋರ್ಟ್ ನೇಮಕದ ವಿಚಾರಣೆಯಲ್ಲಿ ಒಬ್ಬ ಸೆನೆಟರ್, ಕ್ರಿಸ್‌ಮಸ್ ದಿನ ಎಲ್ಲಿದ್ದಿರಿ ಅಂತ ಕೇಳಿದರು. ಎಲ್ಲ ಯಹೂದಿಗಳ ಹಾಗೆ ನಾನೂ ಯಾವುದೋ ಚೈನೀಸ್ ಹೋಟೆಲಿನಲ್ಲಿ ಇದ್ದಿರಬೇಕು ಅಂದರು ಕೇಗನ್. ಸಭೆಯೆಲ್ಲ ನಕ್ಕಿತು.

ಹಾಗಾಗಿ ಚೀಸ್ ಬಿಟ್ಟುಬಿಡಿ. ಎರಡು ಕಡೆಯ ಅಡುಗೆಯೂ ಸಹಜವಾಗಿ ಕೂಡುವುದು ಹಾಲಿನ ಪದಾರ್ಥ ಇಲ್ಲದ ಜಾಗದಲ್ಲೇ. ಬಾರ್‌ಗಳಲ್ಲಿ ಸಿಗುವ ರೂಬೆನ್ ಎಗ್ ರೋಲ್ ಬರೀ ಕರಗಿದ ಚೀಸ್. ಅದರಲ್ಲಿ ಪಾಸ್ಟ್ರಾಮಿಯೂ ಗೊತ್ತಾಗಲ್ಲ, ಚೈನೀಸೂ ಗೊತ್ತಾಗಲ್ಲ.

ಸಾದಾ_ದೋಸೆ

ಸುಮ್ನೆ ಕೇಳ್ತೀನಿ, ಬೇಜಾರಾಗಬೇಡಿ. ಪಾಸ್ಟ್ರಾಮಿಯನ್ನು ರೈ ಬ್ರೆಡ್ಡಿನಲ್ಲಿ ಇಟ್ಟು ಸಾಸಿವೆ ಹಚ್ಚಿ ತಿಂದರೆ ಆಯ್ತಲ್ಲ? ಅದನ್ನು ಎಣ್ಣೆಯಲ್ಲಿ ಮುಳುಗಿಸುವ ಅಗತ್ಯ ಏನಿದೆ? ಫ್ಯೂಷನ್ ಅಂದರೆ ಮೆನುವಿನಲ್ಲಿ ನಾಲ್ಕು ಡಾಲರ್ ಜಾಸ್ತಿ ಹಾಕುವ ಉಪಾಯ ಅಷ್ಟೇ.

ಬ್ರೂಕ್ಲಿನ್_ಬಸವ

ದೋಸೆ ಸರ್, ಪಾಸ್ಟ್ರಾಮಿ ಮಾತ್ರ ಶುದ್ಧ ಅಂದುಕೊಂಡಿರಾ? ಮೂಲ ತುರ್ಕಿಯ ಒಣಮಾಂಸ. ರೊಮೇನಿಯಾದ ಯಹೂದಿಗಳು ಅದನ್ನು ಬಾತುಕೋಳಿ ಜಾತಿಯ ಗೂಸ್ ಹಕ್ಕಿಯಲ್ಲಿ ಮಾಡುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ದನದ ಮಾಂಸ ಅಗ್ಗ ಅಂತ ಅದಕ್ಕೆ ಬದಲಾಯಿಸಿಕೊಂಡರು. ಮೇಲೆ ಹಚ್ಚುವ ಮಸಾಲೆ ಏನು ಗೊತ್ತಾ? ಕುಟ್ಟಿದ ಕೊತ್ತಂಬರಿ ಬೀಜ, ಕಾಳುಮೆಣಸು, ಬೆಳ್ಳುಳ್ಳಿ. ನಮ್ಮ ಅಡುಗೆಮನೆ ಡಬ್ಬಿಯಲ್ಲೇ ಇದೆ.

ಕೆಟ್ಟ ಫ್ಯೂಷನ್ ಜಾಸ್ತಿ ಅನ್ನೋದು ನಿಜ, ಒಪ್ಪುತ್ತೇನೆ. ಆದರೆ ವಿಲಿಯಮ್ಸ್‌ಬರ್ಗ್‌ನ ಶಾಲೋಮ್ ಜಪಾನ್‌ನಲ್ಲಿ ಒಮ್ಮೆ ತಿಂದು ನೋಡಿ. 2013ರಲ್ಲಿ ಗಂಡ ಹೆಂಡತಿ ಸೇರಿ ತೆರೆದ ಜಾಗ. ಆತ ಯಹೂದಿ, ಆಕೆ ಜಪಾನಿನವರು, ಇಬ್ಬರೂ ಬಾಣಸಿಗರು. ಜಪಾನಿನ ರಾಮೆನ್ ನೂಡಲ್ಸ್ ಸಾರಿನಲ್ಲಿ ಮಾಟ್ಜೊ ಬಾಲ್ (ಯಹೂದಿಗಳ ಹುದುಗಿಲ್ಲದ ಬ್ರೆಡ್ ಪುಡಿಯ ಉಂಡೆ) ಹಾಕಿ ಕೊಡುತ್ತಾರೆ. ಸಾಕೆ ಮದ್ಯ ಸೋಸಿದ ಮೇಲೆ ಉಳಿಯುವ ಚರಟ ಹಾಕಿ ಯಹೂದಿಗಳ ಹಬ್ಬದ ‘ಹಾಲಾ’ ಬ್ರೆಡ್ ಮಾಡುತ್ತಾರೆ. ಅದು ಮೆನು ಆಟ ಅಲ್ಲ, ಅವರ ಮನೆಯೂಟ.

ಲೈನ್‌ಕುಕ್_ಕುಮಾರ

ಮ್ಯಾನ್‌ಹ್ಯಾಟನ್‌ನ ಒಂದು ಹೋಟೆಲ್ ಕಿಚನ್‌ನಲ್ಲಿ ಫ್ರೈಯರ್ ಮುಂದೆ ನಿಲ್ಲುವವನು ನಾನು. ಎಗ್ ರೋಲ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಸ್ಲೈಸ್ ಮಾಡಿದ ಪಾಸ್ಟ್ರಾಮಿ ತರಬೇಡಿ. ಅಂಗಡಿಯಲ್ಲಿ ಒಂದು ದಪ್ಪ ತುಂಡು ಕೊಡಿ ಅಂತ ಕೇಳಿ. ಪಾಸ್ಟ್ರಾಮಿ ಅಂದರೆ ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ, ಮಸಾಲೆ ಹಚ್ಚಿ, ಹೊಗೆ ಹಾಕಿ, ಕೊನೆಗೆ ಹಬೆಯಲ್ಲಿ ಬೇಯಿಸಿದ್ದು. ಪ್ಯಾಕೆಟ್‌ನಲ್ಲಿ ಬರುವ ತುಂಡು ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಇಡ್ಲಿ ಪಾತ್ರೆಯಲ್ಲಿ ಇಟ್ಟು, ಫೋರ್ಕ್ ಚುಚ್ಚಿದರೆ ಸಲೀಸಾಗಿ ಇಳಿಯುವವರೆಗೆ ಹಬೆ ಕೊಡಿ. ಆಮೇಲೆ ಪೂರ್ತಿ ತಣ್ಣಗಾಗಲಿ. ತಣ್ಣಗಾದ ಮೇಲೆ ಅರ್ಧ ಸೆಂಟಿಮೀಟರ್ ಚೌಕಕ್ಕೆ ಹೆಚ್ಚಿ. ಬಿಸಿಯಲ್ಲೇ ಹೆಚ್ಚಿದರೆ ಕೊಬ್ಬೆಲ್ಲ ಹಲಗೆ ಮೇಲೆ ಹರಿದು ಹೋಗುತ್ತದೆ. ಎಳೆ ಎಳೆಯಾಗಿ ಬಿಡಿಸಬೇಡಿ, ಕಚ್ಚಿದಾಗ ತುಂಡು ಬಾಯಿಗೆ ಸಿಗಬೇಕು.

ರೋಲ್ ಮೆತ್ತಗಾಗುವುದು ಎಲೆಕೋಸಿನಿಂದ. ಸಣ್ಣಗೆ ಹೆಚ್ಚಿ ಉಪ್ಪು ಹಾಕಿ ಅರ್ಧ ಗಂಟೆ ಬಿಡಿ. ಬಟ್ಟೆಯಲ್ಲಿ ಕಟ್ಟಿ ಹಿಂಡಿ. ನೀರು ತೊಟ್ಟಿಕ್ಕುವುದು ನಿಂತ ಮೇಲೂ ಇನ್ನೊಂದು ಸಲ ಹಿಂಡಿ. ದೊಡ್ಡ ಉರಿಯಲ್ಲಿ ಎರಡು ನಿಮಿಷ ಬಾಡಿಸಿ ತಟ್ಟೆಯಲ್ಲಿ ಹರಡಿ ಆರಿಸಿ. ಕೋಸಿಗೆ ಜೀರಿಗೆಯನ್ನು ಹೋಲುವ ಕ್ಯಾರವೇ ಬೀಜ ಒಂದು ಚಮಚ ಸೇರಿಸಿ. ರೈ ಬ್ರೆಡ್ಡಿನ ಪರಿಮಳ ಬರುವುದು ಅದರಿಂದಲೇ. ಸೋಯಾ ಸಾಸ್ ಒಳಗೆ ಹಾಕಲೇಬೇಡಿ, ಪಾಸ್ಟ್ರಾಮಿಯಲ್ಲೇ ಬೇಕಾದಷ್ಟು ಉಪ್ಪಿದೆ. ಸ್ವಲ್ಪ ಶುಂಠಿ, ಈರುಳ್ಳಿ ಸೊಪ್ಪು ಸಾಕು.

ತುಂಬುವಾಗ ಹೂರಣ ತಣ್ಣಗಿರಬೇಕು, ಗಾಳಿ ಉಳಿಯದ ಹಾಗೆ ಬಿಗಿಯಾಗಿ ಸುತ್ತಬೇಕು. ಎಣ್ಣೆ 175ರಿಂದ 180 ಡಿಗ್ರಿ ಸೆಲ್ಸಿಯಸ್. ಒಂದು ಸಲಕ್ಕೆ ನಾಲ್ಕೈದೇ ಬಿಡಿ. ತೆಗೆದ ಮೇಲೆ ಟಿಶ್ಯೂ ಪೇಪರ್ ಮೇಲೆ ಬೇಡ, ಜಾಲರಿ ಮೇಲೆ ನಿಲ್ಲಿಸಿ.

ಅದ್ದಿಕೊಳ್ಳಲು ಚೈನೀಸ್ ಸಾಸಿವೆ ಮಾಡಿ. ಡೆಲಿಯವರೂ ಸಾಸಿವೆ ಇಲ್ಲದೆ ಪಾಸ್ಟ್ರಾಮಿ ಮುಟ್ಟಲ್ಲ, ಅಮೆರಿಕದ ಚೈನೀಸ್ ಹೋಟೆಲಿನವರೂ ಎಗ್ ರೋಲ್ ಜೊತೆ ಸಾಸಿವೆಯನ್ನೇ ಇಡುತ್ತಾರೆ. ಸಾಸಿವೆ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಘಾಟು ಹುಟ್ಟುವುದು ನೀರು ಬಿದ್ದ ಮೇಲೆ. ಬಿಸಿನೀರು ಹಾಕಿದರೆ ಆ ಕ್ರಿಯೆ ಸತ್ತು ಬರೀ ಕಹಿ ಉಳಿಯುತ್ತದೆ. ಆಮೇಲೆ ಸ್ವಲ್ಪ ಸಕ್ಕರೆ, ಒಂದೆರಡು ಹನಿ ರೈಸ್ ವಿನಿಗರ್ ಸೇರಿಸಿ.

ಬಂದವರಲ್ಲಿ ದನದ ಮಾಂಸ ತಿನ್ನದವರು ಇರುತ್ತಾರೆ. ಅವರಿಗೆ ಟರ್ಕಿ ಕೋಳಿಯ ಪಾಸ್ಟ್ರಾಮಿ ಸಿಗುತ್ತದೆ. ಕೊಬ್ಬು ಕಡಿಮೆ ಇರುವುದರಿಂದ ಅದಕ್ಕೆ ಮಾತ್ರ ಒಂದು ಚಮಚ ಎಣ್ಣೆ ಜಾಸ್ತಿ.

ವೆಜ್_ವನಜಾ

ಕುಮಾರ್, ಅದೇ ಎಣ್ಣೆಯಲ್ಲಿ ವೆಜ್ ರೋಲ್ ಕರಿದುಬಿಟ್ಟರೆ ಕಥೆ ಮುಗೀತು! ಸುಮಾ, ಮೊದಲು ವೆಜ್ ಕರಿದು ಎತ್ತಿಡಿ, ಆಮೇಲೆ ಮಾಂಸದ್ದು. ಸಾಧ್ಯವಾದರೆ ಬಾಣಲೆಯೇ ಬೇರೆ ಇರಲಿ.

ಇನ್ನೊಂದು ವಿಷಯ. ನಮ್ಮವರು ಅಂಗಡಿಯಲ್ಲಿ ಪ್ಯಾಕೆಟ್ ಮೇಲೆ ಕೋಷರ್ ಗುರುತು, ‘ಪಾರೆವ್’ ಅನ್ನುವ ಪದ ನೋಡಿ ವೆಜ್ ಅಂತ ತಿಳಿದುಕೊಳ್ಳುತ್ತಾರೆ. ಪಾರೆವ್ ಅಂದರೆ ಅದರಲ್ಲಿ ಮಾಂಸವೂ ಇಲ್ಲ, ಹಾಲೂ ಇಲ್ಲ ಅಂತ ಅಷ್ಟೇ. ಮೊಟ್ಟೆ ಇರಬಹುದು, ಮೀನೂ ಇರಬಹುದು. ಸಾಮಾನಿನ ಪಟ್ಟಿ ಓದಲೇಬೇಕು. ಎಗ್ ರೋಲ್ ಹಾಳೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ತೆಳ್ಳಗಿನ ಸ್ಪ್ರಿಂಗ್ ರೋಲ್ ಹಾಳೆಯಲ್ಲಿ ಬರೀ ಗೋಧಿ, ನೀರು, ಉಪ್ಪು, ಎಣ್ಣೆ ಇರುವುದು ಸಿಗುತ್ತದೆ. ಆಯ್ಸ್ಟರ್ ಸಾಸ್ ನಮಗೂ ಆಗಲ್ಲ, ಕೋಷರ್‌ನವರಿಗೂ ಆಗಲ್ಲ. ಅಣಬೆಯಲ್ಲಿ ಮಾಡಿದ್ದು ಸಿಗುತ್ತದೆ, ಅದನ್ನೇ ತನ್ನಿ.

ವೆಜ್‌ನವರಿಗೆ ಬರೀ ಕೋಸು ತುಂಬಿ ಕೈತೊಳೆದುಕೊಳ್ಳಬೇಡಿ. ಕಿಂಗ್ ಆಯ್ಸ್ಟರ್ ಅಣಬೆ ತಂದು ಉದ್ದಕ್ಕೆ ಸೀಳಿ, ಪಾಸ್ಟ್ರಾಮಿ ಮಸಾಲೆಯನ್ನೇ ಹಚ್ಚಿ, ಹೊಗೆ ಪರಿಮಳದ ಪ್ಯಾಪ್ರಿಕಾ ಪುಡಿ ಸೇರಿಸಿ ಓವನ್‌ನಲ್ಲಿ ಅಂಚು ಕಪ್ಪಗಾಗುವವರೆಗೆ ಸುಡಿ. ಹೆಸರು ಆಯ್ಸ್ಟರ್ ಇದ್ದರೂ ಅದು ಅಣಬೆಯೇ, ಗಾಬರಿ ಬೇಡ.

ಲಾಕ್ಸ್ ಬದಲು ಕ್ಯಾರೆಟ್. ನಗಬೇಡಿ, ಮಾಡಿ ನೋಡಿ. ದಪ್ಪ ಕ್ಯಾರೆಟ್‌ಗಳನ್ನು ಸಿಪ್ಪೆ ಸಮೇತ ಕಲ್ಲುಪ್ಪಿನ ಹಾಸಿಗೆ ಮೇಲಿಟ್ಟು, ಮೇಲೂ ಉಪ್ಪು ಮುಚ್ಚಿ, 190 ಡಿಗ್ರಿಯಲ್ಲಿ ಚಾಕು ಸುಲಭವಾಗಿ ಇಳಿಯುವವರೆಗೆ ಬೇಯಿಸಿ. ಒಂದೂವರೆ ಗಂಟೆ ಹಿಡಿಯಬಹುದು. ಉಪ್ಪು ಒರೆಸಿ, ಸಿಪ್ಪೆ ತೆಗೆದು, ಉದ್ದಕ್ಕೆ ಕಾಗದದಷ್ಟು ತೆಳ್ಳಗೆ ಸೀಳಿ. ಎಣ್ಣೆ, ಸ್ವಲ್ಪ ಸೋಯಾ, ರೈಸ್ ವಿನಿಗರ್, ನಾಲ್ಕು ಹನಿ ಲಿಕ್ವಿಡ್ ಸ್ಮೋಕ್, ಪುಡಿ ಮಾಡಿದ ನೋರಿ (ಒಣಗಿಸಿದ ಕಡಲಪಾಚಿ ಹಾಳೆ) ಹಾಕಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಸಮುದ್ರದ ವಾಸನೆ ನೋರಿಯಿಂದ ಬರುತ್ತದೆ. ಎರಡನೇ ದಿನ ರುಚಿ ಇನ್ನೂ ಚೆನ್ನ.

ಸಾದಾ_ದೋಸೆ

ಕ್ಯಾರೆಟ್‌ಗೆ ಮೀನಿನ ವೇಷ. ಕಲಿಯುಗ.

ಮನ್ಸಿ_ಮಧು

ನಾನು ಕೆಲಸ ಮಾಡುವ ಕಡೆ ಹೆಚ್ಚಿನವರು ಆರ್ಥೊಡಾಕ್ಸ್ ಯಹೂದಿಗಳು. ಅದಕ್ಕೇ ಕೋಷರ್ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಅವರು ಕಟ್ಟುನಿಟ್ಟಾಗಿ ಪಾಲಿಸುವವರಾದರೆ ನಿಮ್ಮ ಮನೆಯ ಪಾತ್ರೆ, ಓವನ್‌ನಲ್ಲಿ ಮಾಡಿದ್ದನ್ನು ತಿನ್ನಲ್ಲ. ನೀವು ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಅಷ್ಟೇ. ಅದಕ್ಕೆ ನೊಂದುಕೊಳ್ಳಬೇಡಿ. ಅಂಥವರಿಗೆ ಕೋಷರ್ ಹೋಟೆಲಿನಿಂದ ಸೀಲ್ ಮಾಡಿದ ಡಬ್ಬಿ, ಪೇಪರ್ ತಟ್ಟೆ, ಹಣ್ಣು ಇಟ್ಟರೆ ಸಂತೋಷಪಡುತ್ತಾರೆ. ಮಾಂಸ ಮತ್ತು ಹಾಲು ಬೆರೆಸಲ್ಲ, ಹಂದಿ, ಸಿಗಡಿ ತಿನ್ನಲ್ಲ, ಬಾಕಿ ಎಲ್ಲ ಓಕೆ ಅನ್ನುವವರೂ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ನೆರೆಯವರು ಯಾವ ಥರದವರು ಅಂತ ಫೋನ್ ಮಾಡಿ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ನಿಜವಾದ ತೊಡಕು ನಿಮ್ಮ ಊಟದಲ್ಲಿದೆ. ಬಿಸಿಬೇಳೆಬಾತ್‌ಗೆ ತುಪ್ಪ ಹಾಕ್ತೀರಿ ಅಲ್ವಾ? ಕೊನೆಗೆ ಮೊಸರನ್ನ. ಎರಡೂ ಹಾಲಿನ ಲೆಕ್ಕ. ಪಾಸ್ಟ್ರಾಮಿ ತಿಂದವರು ಹಾಲಿನ ಪದಾರ್ಥ ಮುಟ್ಟಲು ಗಂಟೆಗಟ್ಟಲೆ ಕಾಯಬೇಕು. ಬಹಳ ಮನೆಗಳಲ್ಲಿ ಆರು ಗಂಟೆ, ಕೆಲವರಲ್ಲಿ ಮೂರು.

ಮೀನು ಮಾಂಸದ ಲೆಕ್ಕಕ್ಕೆ ಬರಲ್ಲ. ಆದರೂ ಮೀನು, ಮಾಂಸ ಒಂದೇ ತಟ್ಟೆಯಲ್ಲಿ ಇಡದ ಪದ್ಧತಿ ಹಲವರಲ್ಲಿ ಇದೆ. ಲಾಕ್ಸ್ ತಟ್ಟೆ ಬೇರೆ ಇಡಿ.

ಗಾಂಧಿಬಜಾರ್_ಗಿರೀಶ

ಮೊಸರನ್ನ ಬಿಡಿ ಅಂತ ಮಾತ್ರ ಯಾರೂ ಹೇಳಬೇಡಿ, ನಮ್ಮವರು ಎದ್ದು ಹೋಗ್ತಾರೆ.

ಬೆಂಗಳೂರಿನಲ್ಲಿ ಕೂತು ಓದುತ್ತಿದ್ದೇನೆ, ಬಾಯಲ್ಲಿ ನೀರು. ಇಲ್ಲಿ ಪಾಸ್ಟ್ರಾಮಿ ಹುಡುಕೋದು ಕಷ್ಟ. ಕುರಿ ಮಾಂಸದಲ್ಲಿ ಮನೆಯಲ್ಲೇ ಮಾಡಬಹುದಾ? ಪಿಂಕ್ ಸಾಲ್ಟ್ ಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಮನೆಯಲ್ಲಿ ಹಿಮಾಲಯದ ಪಿಂಕ್ ಉಪ್ಪು ಇದೆ.

ಲೈನ್‌ಕುಕ್_ಕುಮಾರ

ಗಿರೀಶ್ ಸರ್, ಅದು ಬೇರೆ, ಇದು ಬೇರೆ! ಹಿಮಾಲಯದ್ದು ಸಾದಾ ಉಪ್ಪು. ಮಾಂಸ ನೆನೆಸಲು ಬಳಸುವ ಪಿಂಕ್ ಸಾಲ್ಟ್‌ನಲ್ಲಿ 6.25% ಸೋಡಿಯಂ ನೈಟ್ರೈಟ್ ಇರುತ್ತದೆ. ಊಟದ ಉಪ್ಪಿನ ಜೊತೆ ಅದಲುಬದಲಾಗದಿರಲಿ ಅಂತಲೇ ಬಣ್ಣ ಹಾಕಿರುತ್ತಾರೆ. ಅದರ ಅಳತೆ ಒಂದು ಕಿಲೋ ಮಾಂಸಕ್ಕೆ ಸುಮಾರು 2.5 ಗ್ರಾಂ. ಚಮಚದ ಅಂದಾಜು ಬೇಡ, ತಕ್ಕಡಿಯಲ್ಲೇ ತೂಗಿ. ಜಾಸ್ತಿಯಾದರೆ ವಿಷ. ಇಲ್ಲದಿದ್ದರೆ ಆ ಗುಲಾಬಿ ಬಣ್ಣವೂ ಬರಲ್ಲ, ಆ ಡೆಲಿ ರುಚಿಯೂ ಬರಲ್ಲ, ಕಡಿಮೆ ಉರಿಯಲ್ಲಿ ಹೊತ್ತುಗಟ್ಟಲೆ ಹೊಗೆ ಹಾಕುವಾಗ ಕೆಟ್ಟ ಬ್ಯಾಕ್ಟೀರಿಯಾಗೆ ತಡೆಯೂ ಇರಲ್ಲ.

ಸುಲಭದ ದಾರಿ ಹೇಳುತ್ತೇನೆ. ಕುರಿಯ ಭುಜದ ತುಂಡಿಗೆ ಅದೇ ಮಸಾಲೆ ಹಚ್ಚಿ, ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ, ತಣ್ಣಗಾದ ಮೇಲೆ ಹೆಚ್ಚಿ ತುಂಬಿ. ಪಾಸ್ಟ್ರಾಮಿ ಅಂತ ಕರೆಯಬೇಡಿ, ತಿನ್ನಲು ಚೆನ್ನಾಗಿರುತ್ತದೆ.

ಕ್ವೀನ್ಸ್_ಕಾವೇರಿ

ಯಾರೂ ಲಾಟ್ಕೆ ಮಾತೇ ಎತ್ತಿಲ್ಲವಲ್ಲ! ಹನುಕ್ಕಾ ಅಂದರೆ ಎಣ್ಣೆಯಲ್ಲಿ ಕರಿದ ತಿಂಡಿಯ ಹಬ್ಬ.

ಆಲೂಗಡ್ಡೆ, ಈರುಳ್ಳಿ ಎರಡನ್ನೂ ದಪ್ಪಗೆ ತುರಿಯಿರಿ. ಬಟ್ಟೆಯಲ್ಲಿ ಹಾಕಿ ಬೋಗುಣಿಗೆ ಹಿಂಡಿ. ಆ ನೀರು ಚೆಲ್ಲಬೇಡಿ. ಐದು ನಿಮಿಷ ಬಿಟ್ಟರೆ ತಳದಲ್ಲಿ ಬಿಳೀ ಹಿಟ್ಟು ಗಟ್ಟಿಯಾಗಿ ಕೂರುತ್ತದೆ. ಮೇಲಿನ ಕೆಂಪು ನೀರು ಬಗ್ಗಿಸಿ, ಬೆರಳಿನಿಂದ ಆ ಹಿಟ್ಟನ್ನು ಕೆರೆದು ತುರಿಗೇ ಸೇರಿಸಿ. ಹಿಡಿದುಕೊಳ್ಳಲು ಅದರ ಜೊತೆ ಮೊಟ್ಟೆ ಹಾಕಿದರೆ ಸಾಕು. ಮೊಟ್ಟೆ ಬೇಡದವರಿಗೆ ಒಂದೆರಡು ಚಮಚ ಕಾರ್ನ್‌ಫ್ಲೋರ್ ಜಾಸ್ತಿ ಹಾಕಿ. ಈರುಳ್ಳಿ ಸೊಪ್ಪು, ಬಿಳಿ ಎಳ್ಳು ಕಲಸಿ. ಅಂಬೊಡೆ ತಟ್ಟಿದ ಹಾಗೆ ಚಿಕ್ಕದಾಗಿ ತಟ್ಟಿ, ಅಂಚು ಮಾತ್ರ ಚದುರಿರಲಿ. ಆ ಚದುರಿದ ಎಳೆಗಳೇ ಗರಿಗರಿಯಾಗುವುದು. ಬಾಣಲೆಯಲ್ಲಿ ಅರ್ಧ ಸೆಂಟಿಮೀಟರ್ ಎಣ್ಣೆ ಇದ್ದರೆ ಸಾಕು.

ಇದಕ್ಕೆ ಸಾಂಪ್ರದಾಯಿಕ ಜೋಡಿ ಸೌರ್ ಕ್ರೀಮ್ ಅಥವಾ ಆಪಲ್ ಸಾಸ್. ನಿಮಗೆ ಹಾಲು ಬೇಡವಾದ್ದರಿಂದ ಆಪಲ್ ಸಾಸ್‌ಗೆ ಶುಂಠಿ ತುರಿದು, ಮೇಲೆ ಸಿಚುವಾನ್ ಚಿಲ್ಲಿ ಆಯಿಲ್ ಸುರಿಯಿರಿ. ಸಿಹಿ, ಹುಳಿ, ಖಾರ ಮೂರೂ ಬಂದವು.

ಕೈಯಲ್ಲಿ ಸಮಯ ಇದ್ದರೆ ಕ್ರೆಪ್ಲಾಕ್ (ಹೂರಣ ತುಂಬಿದ ಯಹೂದಿ ಕಡುಬು) ಮಾಡಿ. ವಾಂಟನ್ ಹಾಳೆಯಲ್ಲೇ ಮಾಡಬಹುದು, ಎಷ್ಟೋ ಯಹೂದಿ ಮನೆಗಳಲ್ಲೂ ಈಗ ಹಾಗೇ ಮಾಡುತ್ತಾರೆ. ಉಳಿದ ಪಾಸ್ಟ್ರಾಮಿ ಚೂರು, ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ತುಂಬಿ ನೀರಿನಲ್ಲಿ ಬೇಯಿಸಿ ಕಪ್ಪು ವಿನಿಗರ್ ಜೊತೆ ಕೊಡಿ.

ಎಡಿಸನ್_ಸುಮಾ

ಅಬ್ಬಾ, ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ನೆರೆಯವರಿಗೆ ಫೋನ್ ಮಾಡಿದೆ. ಒಬ್ಬರಿಗೆ ಯಾವ ಕಟ್ಟುಪಾಡೂ ಇಲ್ಲ. ಇನ್ನೊಬ್ಬರು ಮಧು ಹೇಳಿದ ಎರಡನೇ ಥರ. ಮಾಂಸ, ಹಾಲು ಜೊತೆಗೆ ಬೇಡ, ಹೊರಗಿನ ಅಡುಗೆ ಪರವಾಗಿಲ್ಲ ಅಂದರು. ‘ಎಗ್ ರೋಲ್ ಸಿಗುತ್ತೆ ಅಂದರೆ ನಿಮ್ಮ ಮೊಸರನ್ನವನ್ನು ಇನ್ನೊಂದು ದಿನ ಬಂದು ತಿಂತೀನಿ’ ಅಂತ ನಕ್ಕರು. ಹಾಗಾಗಿ ಸ್ಟಾರ್ಟರ್‌ನಲ್ಲಿ ಹಾಲಿನದು ಏನೂ ಇಲ್ಲ. ಬಿಸಿಬೇಳೆಬಾತ್ ಎಣ್ಣೆಯಲ್ಲಿ ಮಾಡಿ ತುಪ್ಪ ಪಕ್ಕಕ್ಕಿಡುತ್ತೇನೆ. ಗಿರೀಶ್, ನಿಮ್ಮ ಮೊಸರನ್ನ ಸೇಫ್.

ಒಂದೇ ಚಿಂತೆ. ಕ್ರೀಮ್ ಚೀಸ್ ಇಲ್ಲದ ಲಾಕ್ಸ್ ಒಣ ಒಣ ಅನಿಸಲ್ವಾ?

ಬ್ರೂಕ್ಲಿನ್_ಬಸವ

ಇದಕ್ಕೆ ಉತ್ತರ ನಿಮ್ಮ ನ್ಯೂಜೆರ್ಸಿಯಲ್ಲೇ ಇದೆ! ಅಲ್ಲಿನ ಟೊಫುಟ್ಟಿ ಕಂಪನಿಯ ಹೆಸರು ಕೇಳಿದ್ದೀರಾ? ಡೇವಿಡ್ ಮಿಂಟ್ಜ್ ಅಂತ ಒಬ್ಬರು ನ್ಯೂಯಾರ್ಕಿನಲ್ಲಿ ಕೋಷರ್ ಹೋಟೆಲ್, ಕೇಟರಿಂಗ್ ನಡೆಸುತ್ತಿದ್ದರು. ಮಾಂಸದ ಊಟ ಆದ ಮೇಲೆ ಗಿರಾಕಿಗಳಿಗೆ ಐಸ್ ಕ್ರೀಮ್ ಕೊಡುವ ಹಾಗಿಲ್ಲ. ಹಾಲಿಗೆ ಬದಲು ಹುಡುಕುತ್ತಾ ಚೈನಾಟೌನ್‌ಗೆ ಹೋಗಿ ಟೋಫು ತಂದು ಪ್ರಯೋಗ ಶುರು ಮಾಡಿದರು. 1980ರ ದಶಕದ ಆರಂಭದಲ್ಲಿ ಟೊಫುಟ್ಟಿ ಐಸ್ ಕ್ರೀಮ್ ಅಮೆರಿಕದಲ್ಲೆಲ್ಲ ಹೆಸರಾಯಿತು. ಅದೇ ಕಂಪನಿಯ ಹಾಲಿಲ್ಲದ ಕ್ರೀಮ್ ಚೀಸ್ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಕೋಷರ್ ಅಡುಗೆಮನೆಯ ಕಷ್ಟಕ್ಕೆ ಚೈನಾಟೌನ್ ಪರಿಹಾರ! ದೋಸೆ ಸರ್, ಇದಕ್ಕೂ ನಾಲ್ಕು ಡಾಲರ್ ಜಾಸ್ತಿ ಅಂತೀರಾ?

ಸಾದಾ_ದೋಸೆ

ಇದನ್ನು ಒಪ್ಪಿದೆ. ಅಗತ್ಯಕ್ಕೆ ಹುಟ್ಟಿದ್ದು ಬೇರೆ, ಶೋಕಿಗೆ ಹುಟ್ಟಿದ್ದು ಬೇರೆ. ಎಗ್ ರೋಲ್ ವಿಷಯದಲ್ಲಿ ಮಾತ್ರ ನನ್ನ ವಾದ ಹಾಗೇ ಇದೆ.

ವೆಜ್_ವನಜಾ

ಮನೆಯಲ್ಲೇ ಬೇಕಾದರೆ ಗಟ್ಟಿ ಟೋಫು, ಬಿಳಿ ಮಿಸೊ (ಹುದುಗಿಸಿದ ಸೋಯಾ ಪೇಸ್ಟ್), ನಿಂಬೆರಸ, ಸ್ವಲ್ಪ ಎಣ್ಣೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ. ಮಿಸೊದಿಂದ ಚೀಸಿನ ಹುಳಿ ಉಪ್ಪು ಬರುತ್ತದೆ. ಮಿಸೊ ಡಬ್ಬಿಯ ಮೇಲೆ ಮೀನಿನ ಸಾರು (ದಾಶಿ) ಸೇರಿಸಿದ್ದಾರಾ ಅಂತ ನೋಡಿ. ಅದರ ಮೇಲೆ ಕ್ಯಾರೆಟ್ ಅಥವಾ ನಿಜವಾದ ಲಾಕ್ಸ್, ಮೇಲೆ ಎವೆರಿಥಿಂಗ್ ಬೇಗಲ್ ಮಸಾಲೆಗೆ ನೋರಿ ಚೂರು ಬೆರೆಸಿ ಉದುರಿಸಿ. ಎಳ್ಳು, ಗಸಗಸೆ, ಒಣ ಈರುಳ್ಳಿ, ಬೆಳ್ಳುಳ್ಳಿ ಅದರಲ್ಲೇ ಇರುತ್ತದೆ. ಕೆಳಗೆ ಬೇಗಲ್ ಬದಲು ಸೌತೆಕಾಯಿ ಬಿಲ್ಲೆ ಇಡಿ, ಕರಿದ ಐಟಂ ಈಗಾಗಲೇ ಜಾಸ್ತಿಯಾಗಿದೆ.

ಕ್ವೀನ್ಸ್_ಕಾವೇರಿ

ವಾಸಾಬಿ ಹಾಕೋದಾದರೆ ದುಡ್ಡು ಸುರಿಯಬೇಡಿ. ಟ್ಯೂಬ್‌ನಲ್ಲಿ ಸಿಗುವ ವಾಸಾಬಿ ಬಹುಪಾಲು ಬಣ್ಣ ಹಾಕಿದ ಹಾರ್ಸ್‌ರ್ಯಾಡಿಶ್. ಯಹೂದಿಗಳು ಗೆಫಿಲ್ಟೆ ಫಿಶ್ ಜೊತೆ ತಿನ್ನುವುದೂ ಅದೇ ಬೇರು. ಅದನ್ನೇ ತುರಿದು ಹಾಕಿ.

ಎಡಿಸನ್_ಸುಮಾ

ಹಾಗಾದರೆ ಪಟ್ಟಿ ಆಯ್ತು. ಪಾಸ್ಟ್ರಾಮಿ ರೋಲ್, ಅಣಬೆ ರೋಲ್, ಲಾಟ್ಕೆ, ಸೌತೆಕಾಯಿ ಮೇಲೆ ಲಾಕ್ಸ್ ಮತ್ತು ಕ್ಯಾರೆಟ್ ಬೇರೆ ಬೇರೆ ತಟ್ಟೆಯಲ್ಲಿ. ಕ್ರೆಪ್ಲಾಕ್ ಈ ಸಲ ಬೇಡ, ಕೈ ಸಾಲಲ್ಲ. ಕೊನೇ ಪ್ರಶ್ನೆ, ಹಿಂದಿನ ದಿನವೇ ಏನೇನು ಮಾಡಿಡಬಹುದು?

ಲೈನ್‌ಕುಕ್_ಕುಮಾರ

ರೋಲ್‌ಗಳನ್ನು ಹಸಿಯಾಗೇ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಟ್ರೇಯಲ್ಲಿ ಫ್ರೀಜ್ ಮಾಡಿ. ಗಟ್ಟಿಯಾದ ಮೇಲೆ ಕವರ್‌ಗೆ ತುಂಬಿ. ಕರಗಿಸದೆ ನೇರವಾಗಿ ಎಣ್ಣೆಗೆ ಬಿಡಿ, ಉರಿ ಸ್ವಲ್ಪ ಕಡಿಮೆ ಇರಲಿ. ಕರಗಿಸಿದರೆ ಹಾಳೆ ಒದ್ದೆಯಾಗಿ ಹರಿಯುತ್ತದೆ. ಲಾಟ್ಕೆ ಬೆಳಿಗ್ಗೆಯೇ ಕರಿದಿಟ್ಟು, ಜನ ಬರುವ ಹೊತ್ತಿಗೆ 200 ಡಿಗ್ರಿ ಓವನ್‌ನಲ್ಲಿ ಜಾಲರಿ ಮೇಲೆ ಎಂಟು ಹತ್ತು ನಿಮಿಷ ಇಡಿ. ಫಾಯಿಲ್ ಮುಚ್ಚಬೇಡಿ. ಸಾಸಿವೆ ಮಾತ್ರ ಅವತ್ತೇ ಕಲಸಿ, ಮಾರನೇ ದಿನಕ್ಕೆ ಘಾಟು ಇಳಿದಿರುತ್ತದೆ.

ಗಾಂಧಿಬಜಾರ್_ಗಿರೀಶ

ಫೋಟೋ ಹಾಕಿ ಮೇಡಂ. ಕುರಿ ರೋಲ್ ಈ ಭಾನುವಾರ ನಮ್ಮ ಮನೆಯಲ್ಲಿ. ಸಾಸಿವೆ ಪುಡಿ ಎಲ್ಲಿ ಸಿಗುತ್ತೆ ಅಂತ ಬೆಂಗಳೂರಿನವರು ಯಾರಾದರೂ ಹೇಳಿ, ಇಲ್ಲದಿದ್ದರೆ ಒಗ್ಗರಣೆ ಸಾಸಿವೆಯನ್ನೇ ಮಿಕ್ಸಿಗೆ ಹಾಕ್ತೀನಿ.